ಎಳನೀರಿಗೆ ಕರೆದರೆ

ಜಯಾ ಆ ಕಂಪನಿಗೆ ಸೇರಿದಾಗ ಬಾಗಿಲಿಗೆ ಒಂದು ಬೋರ್ಡೂ ಇರಲಿಲ್ಲ. ಜೆ.ಪಿ. ನಗರದ ಹಳೇ ಮನೆಯೊಂದರ ಮಹಡಿ, ಒಂದಿಷ್ಟು ಪ್ಲಾಸ್ಟಿಕ್ ಕುರ್ಚಿ, ಮತ್ತು ಶ್ರೀಕರ್. ದೋಸೆ ಹಿಟ್ಟು ಹುದುಗು ಬಂತೋ ಇಲ್ಲವೋ ಎಂದು ಫೋನಿಗೆ ಸುದ್ದಿ ಕಳಿಸುವ ಡಬ್ಬಿಯೊಂದನ್ನು ಮಾಡಿ ಜಗತ್ತನ್ನೇ ಬದಲಾಯಿಸಲು ಹೊರಟಿದ್ದ ಹುಡುಗ. ಮುಚ್ಚಳ ತೆಗೆದು ಮೂಸಿದರೆ ತಿಳಿಯುವುದಕ್ಕೆ ಡಬ್ಬಿ ಯಾಕಪ್ಪಾ ಎಂದು ಜಯಾ ಕೇಳಲಿಲ್ಲ. ಸಂಬಳ ಕೊಡುವವರನ್ನು ಅಂಥದ್ದೆಲ್ಲ ಕೇಳುವುದುಂಟೇ? ಈಗ ಆ ಕಂಪನಿಗೆ ಗಾಜಿನ ಬಾಗಿಲು ಬಂದಿದೆ, ಕೂತರೆ ಏಳಲಾಗದ ಬೀನ್‌ಬ್ಯಾಗ್‌ಗಳು ಬಂದಿವೆ, ಗೋಡೆಯ ಮೇಲೆ ‘ನಾವೆಲ್ಲ ಒಂದೇ ಫ್ಯಾಮಿಲಿ’ ಎಂದು ದೀಪದಲ್ಲಿ ಬರೆಸಿದ್ದಾರೆ. ಜಯಾ ಅಲ್ಲಿ ಎಚ್.ಆರ್. ಮೇಡಂ.

ಆ ಫ್ಯಾಮಿಲಿಯಿಂದ ಯಾರನ್ನಾದರೂ ಹೊರಗೆ ಹಾಕಬೇಕಾದಾಗ ಶ್ರೀಕರನದು ಒಂದು ಪದ್ಧತಿ. ಆಫೀಸಿನೊಳಗೆ ಹೇಳುವುದಿಲ್ಲ, ಹೇಳಿದರೆ ಅಲ್ಲಿನ ‘ವೈಬ್’ ಕೆಡುತ್ತದಂತೆ. ಹೆಗಲ ಮೇಲೆ ಕೈ ಹಾಕಿ, ‘ಬಾ ಗುರು, ಎಳನೀರು ಕುಡ್ಕೊಂಡು ಬರೋಣ’ ಎನ್ನುತ್ತಾನೆ. ಪಾರ್ಕಿನ ಗೇಟಿನ ಪಕ್ಕ ಹೊಂಗೆ ಮರದ ಕೆಳಗೆ ಎಳನೀರಿನ ಗಾಡಿ, ಅದರ ಪಕ್ಕ ಕಲ್ಲುಬೆಂಚು. ಅಲ್ಲಿ ಕೂತು ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಎದುರಿನವರು ನೀರು ಕುಡಿದು, ಗಂಜಿ ಕೆರೆದು ತಿನ್ನುವವರೆಗೂ ಕಾಯುತ್ತಾನೆ. ಆಮೇಲೆ ಮೆತ್ತಗೆ ಹೇಳುತ್ತಾನೆ: ‘ನೀನು ಸೋತಿಲ್ಲ. ನಮ್ಮ ದಾರಿ ಬೇರೆ ಆಗ್ತಿದೆ, ಅಷ್ಟೆ. ಈ ಬಾಗಿಲು ನಿನಗೆ ಯಾವಾಗ್ಲೂ ತೆಗೆದೇ ಇರತ್ತೆ.’ ಹೇಳಿ ಮುಗಿಸಿ ಫೋನ್ ನೋಡಿಕೊಂಡು, ‘ಉಳಿದದ್ದು ಮೇಡಂ ನೋಡ್ಕೋತಾರೆ’ ಎಂದು ಎದ್ದು ಹೋಗಿಬಿಡುತ್ತಾನೆ.

ಉಳಿದದ್ದನ್ನು ಜಯಾ ನೋಡಿಕೊಳ್ಳುತ್ತಾಳೆ. ಸಾಕ್ಷಿಗೆ ಒಬ್ಬರು ಇರಲೆಂದು ಪ್ರತಿ ಸಲವೂ ಅವಳೂ ಜೊತೆಗೆ ಹೋಗಬೇಕು. ಬಿಸಿಲಿಗೆ ಅವಳಿಗೆ ತಲೆನೋವು ಬರುತ್ತದೆ, ಹಾಗಾಗಿ ಛತ್ರಿ ಹಿಡಿದು ಪಕ್ಕದಲ್ಲಿ ನಿಂತಿರುತ್ತಾಳೆ. ಶ್ರೀಕರ್ ಹೋದ ಮೇಲೆ ಕೆಲಸ ಕಳೆದುಕೊಂಡವರ ಕುತ್ತಿಗೆಯ ಐಡಿ ಕಾರ್ಡ್ ಇಸಿದುಕೊಳ್ಳುತ್ತಾಳೆ, ಮೇಲಿಂದ ಅವರ ಬ್ಯಾಗು, ಊಟದ ಡಬ್ಬಿ ತಂದು ಕೊಡುತ್ತಾಳೆ, ಅಳುವವರಿಗೆ ಆಟೊ ಹಿಡಿದು ಕೊಡುತ್ತಾಳೆ. ಗಾಡಿಗೆ ಹೋದವರು ಯಾರೂ ಮತ್ತೆ ಆಫೀಸಿನ ಮೆಟ್ಟಿಲು ಹತ್ತಿದ್ದಿಲ್ಲ. ಶ್ರೀಕರ್ ಬಿಟ್ಟರೆ, ಅಲ್ಲಿ ನಡೆಯುವುದನ್ನು ನೋಡಿ ವಾಪಸ್ ಬರುವವಳು ಇವಳೊಬ್ಬಳೇ.

ಇಂಥದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಮನೆಗೆ ಬಂದರೆ ಅನ್ನ ಹೇಗೆ ಸೇರಬೇಕು? ಗಂಡ ಚಕ್ರಪಾಣಿಗೆ ಹೇಳೋಣವೆಂದರೆ ಅವರ ಮಂಡಿ ಸವೆದು ಹೋಗಿ, ಮೆಟ್ಟಿಲಿಳಿಯುವುದೇ ದಿನದ ದೊಡ್ಡ ಸಾಹಸವಾಗಿತ್ತು. ದೀಪಾವಳಿ ಕಳೆಯುತ್ತಲೇ ಆಪರೇಷನ್ ಎಂದು ಗೊತ್ತಾಗಿತ್ತು. ಅದೆಲ್ಲ ಜಯಾಳ ಕಂಪನಿಯ ಇನ್ಶೂರೆನ್ಸ್ ಮೇಲೆ. ಕೆಲಸ ಇದ್ದಷ್ಟು ದಿನ ಅದು, ಕೆಲಸ ಹೋದ ದಿನ ಅದೂ ಹೋಯಿತು. ಹಾಗಾಗಿ ಅವಳು ಹೇಳಿಕೊಂಡದ್ದು ಮೈದುನನ ಮಗಳು ಇಂಚರಳ ಹತ್ತಿರ. ಬನಶಂಕರಿಯಲ್ಲಿ ಇವರದೇ ಮನೆಯ ಮೇಲಿನ ರೂಮಿನಲ್ಲಿ ಕೂತು ಆ ಹುಡುಗಿ ವಿಡಿಯೊ ಗೇಮ್ ಮಾಡುತ್ತಿದ್ದಳು. ಹೇಳುತ್ತ ಹೇಳುತ್ತ ಜಯಾಳಿಗೂ ರುಚಿ ಹತ್ತಿತು. ಶ್ರೀಕರನ ದನಿಯನ್ನು ಅಣಕಿಸುವುದು, ಇಬ್ಬರೂ ಬಿದ್ದು ಬಿದ್ದು ನಗುವುದು, ಇಂಚರ ಅದನ್ನು ಗೇಮಿಗೆ ಹಾಕುವುದು.

ಗೇಮಿನ ಹೆಸರು ‘ಮತ್ತೆ ಸೋಮವಾರ’. ಹೊಸ ಆಫೀಸಿಗೆ ಸೇರಿದ ಬಡಪಾಯಿ ನೀವು. ಹಾರ ಹಾಕಿ ಒಳಗೆ ಕರೆಯುತ್ತಾರೆ. ‘ಐದೇ ನಿಮಿಷದ ಕಾಲ್’ ಎಂಬ ಜಿಗಣೆ ಅಂಟಿಕೊಂಡು ಉಬ್ಬುತ್ತ ಹೋಗುತ್ತದೆ. ಪಿಜ್ಜಾ ಡಬ್ಬಿ ಬಾಯ್ದೆರೆದು ನಿಮ್ಮ ಶನಿವಾರಗಳನ್ನು ನುಂಗುತ್ತದೆ. ಪ್ರಾಣ ಹೋದರೆ ಮತ್ತೆ ಸೋಮವಾರ, ಮತ್ತೆ ಅದೇ ಹಾರ. ಕೋಣೆಗಳು ಮಾತ್ರ ಪ್ರತಿ ಸಲವೂ ಅದಲುಬದಲು. ಹಿಂದಿನ ಜನ್ಮದಿಂದ ನಿಮಗೆ ಉಳಿಯುವುದು ಕಂಪನಿ ಕೊಟ್ಟ ಒಂದು ಕಾಫಿ ಮಗ್ಗು. ಎಲ್ಲವನ್ನೂ ದಾಟಿದರೆ ಕಟ್ಟಕಡೆಗೆ ಎಳನೀರಿನ ಗಾಡಿ. ಕುಡಿದರೆ ಮುಗಿಯಿತು.

‘ದೊಡ್ಡಮ್ಮ, ಇಲ್ಲಿ ಗೆಲ್ಲೋದು ಹೆಂಗೆ?’ ಎಂದು ಕೇಳಿದ್ದಳು ಇಂಚರ.

‘ಗೆಲ್ಲೋಕಾಗಲ್ಲ ಕಣೇ. ಗೆದ್ದವರನ್ನ ನಾನಂತೂ ನೋಡಿಲ್ಲ.’

‘ಏನಾದ್ರೂ ಒಂದು ದಾರಿ ಇರ್ಬೇಕು ದೊಡ್ಡಮ್ಮ. ಇಲ್ದಿದ್ರೆ ಆಡೋರು ಬೈತಾರೆ.’

‘ಬೈಲಿ ಬಿಡು. ನನ್ನ ಹೆಸರು ಮಾತ್ರ ಎಲ್ಲೂ ಹಾಕ್ಬೇಡ.’

ಜಯಾ ಸ್ವತಃ ಆಡಲು ಹೋಗಿ ಮೊದಲ ಕೋಣೆಯಲ್ಲೇ ಸತ್ತು ಸತ್ತು ಬೇಸತ್ತು ಕೈಬಿಟ್ಟಿದ್ದಳು. ಹಾಗಾಗಿ ಕೊನೆಯ ಗಾಡಿಯನ್ನು ಇಂಚರ ಹೇಗೆ ಬರೆದಿದ್ದಾಳೆಂದು ಅವಳು ನೋಡಿರಲೇ ಇಲ್ಲ.

ಗೇಮ್ ಹೊರಬಿದ್ದ ಮೇಲೆ ಯಾರೋ ಅದನ್ನು ಆಡುತ್ತ ಕನ್ನಡದಲ್ಲಿ ಹರಟಿದ ವಿಡಿಯೊ ಊರೆಲ್ಲ ಓಡಾಡಿತು. ಜಯಾಳ ಆಫೀಸಿನಲ್ಲಿ ಅದನ್ನು ಮೊದಲು ಹಂಚಿದವನು ಪ್ರಮೋದ್. ತಲಘಟ್ಟಪುರದ ಹುಡುಗ, ಊಟದ ಹೊತ್ತಿನಲ್ಲೂ ಗೇಮ್ ಆಡುವವನು. ‘ಸಖತ್ತಾಗಿದೆ, ಥೇಟ್ ನಮ್ಮ ಆಫೀಸೇ’ ಎಂದು ಬರೆದು ಎಲ್ಲರಿಗೂ ಕಳಿಸಿದ. ಎಲ್ಲರಿಗೂ ಎಂದರೆ ಎಲ್ಲರಿಗೂ. ಆ ಗುಂಪಿನಲ್ಲಿ ಶ್ರೀಕರನೂ ಇದ್ದಾನೆಂಬುದು ಅವನಿಗೆ ಮರೆತೇಹೋಗಿತ್ತು.

ಶುಕ್ರವಾರದ ಮೀಟಿಂಗಿನಲ್ಲಿ ಶ್ರೀಕರ್ ನಗುನಗುತ್ತ ಬಂದ. ‘ನಮ್ಮ ಬಗ್ಗೆ ಗೇಮ್ ಬಂದಿದ್ಯಂತೆ, ಆಡೇಬಿಡೋಣ’ ಎಂದು ದೊಡ್ಡ ಪರದೆಗೆ ಹಾಕಿಸಿದ. ತನಗೆ ತಮಾಷೆ ಅರ್ಥವಾಗುತ್ತದೆಂದು ತೋರಿಸಿಕೊಳ್ಳುವ ಚಪಲ. ಜಯಾ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಶ್ರೀಕರ್ ಸತ್ತ, ಮತ್ತೆ ಹಾರ ಹಾಕಿಸಿಕೊಂಡ, ಮತ್ತೆ ಸತ್ತ. ಎಲ್ಲರೂ ನಕ್ಕರು. ಅವನು ಆಟದಲ್ಲಿ ಚುರುಕು. ಜಿಗಣೆಗಳನ್ನು ಕಿತ್ತೆಸೆದು, ಪಿಜ್ಜಾ ಡಬ್ಬಿ ದಾಟಿ, ಗಾಡಿಯ ಹತ್ತಿರ ಬಂದೇಬಿಟ್ಟ. ಜಯಾ ದೇವರ ಹೆಸರು ಹೇಳಿಕೊಂಡಳು, ಇವನು ಇಲ್ಲೇ ಸಾಯಲಿ ಅಂತ.

ಪರದೆಯ ಮೇಲೆ ಹೊಂಗೆ ಮರ, ಕಲ್ಲುಬೆಂಚು. ಬೆಂಚಿನ ಮೇಲೆ ಕೂತಿದ್ದ ಸೂಟಿನ ಬೊಂಬೆ ಮೆಲ್ಲಗೆ ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡಿತು. ಶ್ರೀಕರನ ಬಲಗೈ ತಾನಾಗಿ ಎಡಗೈಯ ಗಡಿಯಾರಕ್ಕೆ ಹೋದದ್ದನ್ನು ಜಯಾ ನೋಡಿದಳು. ಅವನ ಮುಖದಲ್ಲಿ ನಗು ಇತ್ತು, ಕಣ್ಣಿನಲ್ಲಿ ಇರಲಿಲ್ಲ. ಬೊಂಬೆ ಮಾತು ಮುಗಿಸಿದ್ದೇ ಗೇಮಿನ ಬಡಪಾಯಿ ಪ್ರಮೋಶನ್ ಸಿಕ್ಕಿತೆಂದುಕೊಂಡು ‘ಥ್ಯಾಂಕ್ಸ್’ ಎಂದ.

ಆಮೇಲೆ ಅವಳು ಇನ್ನೊಂದನ್ನು ನೋಡಿದಳು. ಬೆಂಚಿನ ಪಕ್ಕ ಛತ್ರಿ ಹಿಡಿದು ನಿಂತ ಹೆಂಗಸು. ಕಾಟನ್ ಸೀರೆ, ಹೆಗಲಿಗೆ ಬ್ಯಾಗು. ಅವಳು ಏನೂ ಮಾಡುವುದಿಲ್ಲ, ಏನೂ ಮಾತಾಡುವುದಿಲ್ಲ. ಹೊಡೆದರೆ ಏಟು ತಾಗುವುದಿಲ್ಲ. ಸುಮ್ಮನೆ ನಿಂತಿರುತ್ತಾಳೆ.

‘ಛತ್ರಿ ಆಂಟಿ!’ ಎಂದು ಯಾರೋ ಕೂಗಿದರು. ‘ಬಾಸ್‌ಗಿಂತ ಇವಳೇ ಡೇಂಜರ್ ಮಗಾ, ಸಾಯೋದೇ ಇಲ್ಲ!’ ಎಲ್ಲರೂ ಜಯಾಳ ಕಡೆ ತಿರುಗಿ ನಕ್ಕರು. ಅವಳೂ ನಕ್ಕಳು. ಅಷ್ಟು ನಾಚಿಕೆ ಅವಳಿಗೆ ಜೀವಮಾನದಲ್ಲಿ ಆಗಿರಲಿಲ್ಲ. ಇಷ್ಟು ದಿನ ತಾನು ಅಲ್ಲಿ ನೊಂದುಕೊಂಡು ನಿಂತಿದ್ದೆನೆಂದು ಅವಳು ತಿಳಿದಿದ್ದಳು. ಎದುರಿಗೆ ಕೂತವರಿಗೆ ಕಂಡದ್ದು ಇದು.

ಮೀಟಿಂಗ್ ಮುಗಿದದ್ದೇ ಶ್ರೀಕರ್ ಅವಳನ್ನು ಗಾಜಿನ ರೂಮಿಗೆ ಕರೆದ.

‘ಇದು ಒಳಗಿನವರ ಕೆಲಸ ಮೇಡಂ. ಪ್ರಮೋದ್‌ದೇ. ದಿನಾ ಗೇಮ್ ಆಡ್ತಾನೆ, ಮೊದಲು ಹಂಚಿದ್ದೂ ಅವನೇ. ನಮ್ಮಿಬ್ಬರನ್ನೂ ಎಷ್ಟು ಚೀಪಾಗಿ ತೋರಿಸಿದಾನೆ ನೋಡಿ. ನಿಮ್ಮನ್ನಂತೂ…’ ಅವನ ದನಿಯಲ್ಲಿ ನಿಜವಾದ ಮರುಕವಿತ್ತು. ‘ಸೋಮವಾರ ಎಳನೀರಿಗೆ ಕರ್ಕೊಂಡು ಹೋಗೋಣ.’

‘ಅವನೇ ಅಂತ ಹೆಂಗೆ ಹೇಳ್ತೀರ ಶ್ರೀಕರ್?’

‘ಇನ್ಯಾರು ಮಾಡ್ತಾರೆ? ನೀವು ಮಾಡ್ತೀರಾ?’ ಎಂದು ನಕ್ಕ.

ಆಗಲೇ ಹೇಳಬಹುದಿತ್ತು. ಬಾಯಿ ತೆರೆದಳು ಕೂಡ. ಮಂಡಿ ಹಿಡಿದುಕೊಂಡು ಮೆಟ್ಟಿಲಲ್ಲಿ ನಿಂತ ಗಂಡ ಕಣ್ಣ ಮುಂದೆ ಬಂದರು. ಬಾಯಿ ಮುಚ್ಚಿಕೊಂಡು ಹೊರಗೆ ಬಂದಳು.

ಪ್ರಮೋದನಿಗೆ ಹೆಣ್ಣು ಗೊತ್ತಾಗಿತ್ತು. ಹಿಂದಿನ ತಿಂಗಳಷ್ಟೇ ಹುಡುಗಿಯ ಸೋದರಮಾವ ಯಲ್ಲಯ್ಯ ಕೋಣನಕುಂಟೆಯಿಂದ ಆಫೀಸಿಗೇ ಬಂದಿದ್ದರು. ಹುಡುಗ ನಿಜವಾಗಿ ಇಲ್ಲಿ ಕೆಲಸ ಮಾಡುತ್ತಾನೋ, ನಡತೆ ಹೇಗೆ ಎಂದು ವಿಚಾರಿಸಲು. ನಮ್ಮ ಕಡೆ ಹೆಣ್ಣು ಕೊಡುವವರು ಇನ್ನೆಲ್ಲಿ ವಿಚಾರಿಸಬೇಕು ಹೇಳಿ. ಬೀನ್‌ಬ್ಯಾಗಿನಲ್ಲಿ ಕೂರಲಾರದೆ ನಿಂತೇ ಇದ್ದ ಅವರನ್ನು ಜಯಾ ತನ್ನ ಕುರ್ಚಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ‘ಹುಡುಗ ಚಿನ್ನ. ಕಣ್ಣು ಮುಚ್ಕೊಂಡು ಕೊಡಿ, ನನ್ನ ಮಾತು’ ಎಂದಿದ್ದಳು. ಕೈಮುಗಿದು ಹೋಗಿದ್ದರು. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ನಿಶ್ಚಿತಾರ್ಥ. ಜಯಾಳಿಗೂ ಕರೆ ಬಂದಿತ್ತು.

ಶನಿವಾರ, ಭಾನುವಾರ ಅವಳಿಗೆ ಮನೆಯಲ್ಲಿ ಕೂತರೆ ನಿಂತರೆ ಸಮಾಧಾನವಿಲ್ಲ. ಸಾರಿಗೆ ಉಪ್ಪು ಹಾಕುವುದು ಮರೆತಳು. ಇಂಚರ ಇಳಿದು ಬಂದು ಮೆಲ್ಲಗೆ, ‘ಛತ್ರಿ ಆಂಟಿ ನೋಡಿ ಬೇಜಾರಾಯ್ತಾ ದೊಡ್ಡಮ್ಮ?’ ಎಂದಳು.

‘ಇಲ್ಲಮ್ಮ. ಇದ್ದಹಾಗೆ ಬರೆದಿದೀಯ.’

ಸೋಮವಾರ ಬೆಳಿಗ್ಗೆ ಹೊರಡುವಾಗ ಚಕ್ರಪಾಣಿ, ‘ಆಸ್ಪತ್ರೆಯವರು ಇನ್ಶೂರೆನ್ಸ್ ಕಾರ್ಡ್ ಕೇಳಿದಾರೆ ಕಣೇ, ಜೆರಾಕ್ಸ್ ಮಾಡಿಸ್ಕೊಂಡು ಬಾ’ ಎಂದರು. ಆಗಲಿ ಎಂದಳು. ಗೇಟಿನವರೆಗೆ ಹೋಗಿ ಮತ್ತೆ ಬಂದು ಛತ್ರಿ ತೆಗೆದುಕೊಂಡಳು.

ಶ್ರೀಕರ್ ಹೆಗಲ ಮೇಲೆ ಕೈಯಿಟ್ಟು, ‘ಬಾ ಗುರು, ಎಳನೀರು’ ಎಂದಾಗ ಇಡೀ ಆಫೀಸು ಕೀಬೋರ್ಡ್ ಮೇಲೆ ಬಗ್ಗಿತು. ಪ್ರಮೋದ್ ಎದ್ದು ನಿಂತ. ಮೆಟ್ಟಿಲಿಳಿಯುವಾಗ ಒಮ್ಮೆ ಹಿಂತಿರುಗಿ ಜಯಾಳನ್ನು ನೋಡಿದ. ‘ಮೇಡಂ, ಆಣೆಗೂ ನಾನಲ್ಲ. ಬರೀ ಶೇರ್ ಮಾಡ್ದೆ ಅಷ್ಟೆ’ ಎಂದು ಪಿಸುಗುಟ್ಟಿದ. ಅವಳು ಛತ್ರಿ ಬಿಚ್ಚಿದಳು.

ಗಾಡಿಯವನಿಗೆ ಇವರು ಬಂದರೆ ಏನೆಂದು ಗೊತ್ತು. ಅವನೂ ತಲೆ ತಗ್ಗಿಸಿ ಮಚ್ಚು ಎತ್ತಿಕೊಂಡ. ಶ್ರೀಕರ್ ಬೆಂಚಿನ ಮೇಲೆ ಕೂತ. ಕೈ ಗಡಿಯಾರಕ್ಕೆ ಹೋಯಿತು, ಪಟ್ಟಿ ಅರ್ಧ ಬಿಚ್ಚಿತು. ಅಲ್ಲಿಗೇ ನಿಂತು, ಪ್ರಮೋದನ ಮುಖ ನೋಡಿ, ಮತ್ತೆ ಕಟ್ಟಿಕೊಂಡ. ಗಾಡಿಯವನು ಕೆತ್ತಿದ ಎಳನೀರನ್ನು ಪ್ರಮೋದನ ಕೈಗೆ ಕೊಟ್ಟ. ಹುಡುಗನ ಅಂಗಿಯ ಮೇಲೆ ನೀರು ತುಳುಕಿತು.

‘ಆರಾಮಾಗಿ ಕುಡಿ. ಏನೂ ಅರ್ಜೆಂಟಿಲ್ಲ’ ಎಂದ ಶ್ರೀಕರ್.

ಸ್ಟ್ರಾ ಹುಡುಗನ ತುಟಿಯ ಹತ್ತಿರ ಹೋಯಿತು. ಜಯಾ ಛತ್ರಿ ಮಡಚಿ ಗಾಡಿಗೆ ಒರಗಿಸಿದಳು. ಎರಡು ಹೆಜ್ಜೆ ಮುಂದೆ ಬಂದು ಅವನ ಕೈಯಿಂದ ಎಳನೀರು ಕಿತ್ತುಕೊಂಡಳು.

‘ಆ ಗೇಮ್ ನಂದು ಶ್ರೀಕರ್. ನಮ್ಮನೆ ಹುಡುಗಿ ಮಾಡಿದ್ದು, ಮಾತೆಲ್ಲ ನಂದು. ಇವನಿಗೆ ಏನೂ ಗೊತ್ತಿಲ್ಲ.’

ಶ್ರೀಕರ್ ಬೆಪ್ಪಾಗಿ ನೋಡಿದ. ಆಮೇಲೆ ನಕ್ಕೇಬಿಟ್ಟ. ‘ಮೇಡಂ, ನಿಮ್ಮ ಒಳ್ಳೇತನ ನಂಗೊತ್ತು. ಅವನನ್ನ ಉಳಿಸ್ಬೇಕು ಅಂತ ಇಷ್ಟು ದೊಡ್ಡ ಸುಳ್ಳಾ? ಪ್ರಿಂಟರ್‌ಗೆ ಪೇಪರ್ ಹಾಕೋಕೆ ಹುಡುಗ್ರನ್ನ ಕರೀತೀರ, ನೀವು ಗೇಮ್ ಮಾಡ್ತೀರಾ? ಕೊಡಿ ಅವನಿಗೆ.’

ಜೀವ ಒತ್ತೆಯಿಟ್ಟು ನಿಜ ಹೇಳಿದರೆ ನಂಬಲೂ ಒಲ್ಲನಲ್ಲ! ಜಯಾಳಿಗೆ ಮೈಯೆಲ್ಲ ಉರಿಯಿತು. ಬೆಂಚಿನ ಮೇಲೆ ಅವನ ಕಡೆ ತಿರುಗಿ ಕೂತಳು.

‘ಹಂಗಾದ್ರೆ ಕೇಳಿ. ಇವನು ಗಂಜಿ ತಿಂದು ಮುಗಿಸ್ತಾನೆ. ನೀವು ಗಂಟಲು ಸರಿ ಮಾಡ್ಕೋತೀರ. “ನೀನು ಸೋತಿಲ್ಲ” ಅಂತೀರ. “ನಮ್ಮ ದಾರಿ ಬೇರೆ ಆಗ್ತಿದೆ, ಅಷ್ಟೆ” ಅಂತೀರ. ಆಮೇಲೆ ಬಾಗಿಲು. ಯಾವಾಗ್ಲೂ ತೆಗೆದೇ ಇರೋ ಬಾಗಿಲು.’ ದನಿ ಅವಳದ್ದಾಗಿರಲಿಲ್ಲ. ಇಂಚರಳನ್ನು ಬಿದ್ದು ಬಿದ್ದು ನಗಿಸುತ್ತಿದ್ದ ಆ ದನಿ, ಪಕ್ಕಾ ಶ್ರೀಕರನದ್ದು. ‘ಇಂದ್ರಾಣಿಗೆ ಹೇಳಿದ್ರಿ, ಬಾಯಲ್ಲಿದ್ದ ಗಂಜಿ ನುಂಗಕ್ಕಾಗ್ದೆ ಅತ್ತಳು. ಬಸವಪ್ರಸಾದ್‌ಗೆ ಹೇಳಿದ್ರಿ, ಅವನು ನಿಮಗೆ ಥ್ಯಾಂಕ್ಸ್ ಅಂದ. ಪಾಪ, ಪ್ರಮೋಶನ್ ಅಂದ್ಕೊಂಡಿದ್ದ. ಅದೂ ಗೇಮಲ್ಲಿದೆ, ನೋಡಿದ್ರಲ್ಲ? ಅವತ್ತು ಇಲ್ಲಿ ಇದ್ದದ್ದು ನೀವು, ಅವನು, ನಾನು.’

ಗಾಡಿಯವನು ಮಚ್ಚು ಕೆಳಗಿಟ್ಟ. ಶ್ರೀಕರನ ಮುಖದಿಂದ ನಗು ಇಳಿಯಿತು. ಮೊದಲ ಸಲವೋ ಏನೋ, ಅವನು ಅವಳನ್ನು ಸರಿಯಾಗಿ ನೋಡಿದ.

‘ಪ್ರಮೋದ್, ನೀನು ಮೇಲೆ ಹೋಗು’ ಎಂದ ಕಡೆಗೆ.

ಹುಡುಗ ಕದಲಲಿಲ್ಲ. ‘ಮೇಡಂ, ನಿಮ್ಮನೆ ಅಂಕಲ್‌ದು ಮಂಡಿ ಆಪರೇಷನ್…’

‘ಹೋಗಪ್ಪ. ಭಾನುವಾರ ಬರ್ತೀನಿ ಅಂತ ಮನೇಲಿ ಹೇಳು.’

ಅವನು ಹೋದ. ಗಾಡಿಗೆ ಬಂದು ತಿರುಗಿ ಮೆಟ್ಟಿಲು ಹತ್ತಿದ ಮೊದಲ ಮನುಷ್ಯ ಅವನು. ಜಯಾ ಸ್ಟ್ರಾ ಬಾಯಿಗಿಟ್ಟಳು. ಇಷ್ಟು ವರ್ಷ ಈ ಗಾಡಿಯ ಪಕ್ಕ ನಿಂತು ಒಂದು ದಿನವೂ ಅವಳಿಗೆ ಯಾರೂ ಎಳನೀರು ಕೊಡಿಸಿರಲಿಲ್ಲ. ತಣ್ಣಗಿತ್ತು, ಸಿಹಿಯಾಗಿತ್ತು. ಮಂಡಿಯ ಚಿಂತೆ ಎದೆಯಲ್ಲಿ ಕಲ್ಲಿನ ಹಾಗೆ ಕೂತೇ ಇತ್ತು, ಆದರೂ ಸಿಹಿಯಾಗಿತ್ತು. ಪೂರ್ತಿ ಕುಡಿದು ಬುರುಡೆಯನ್ನು ಗಾಡಿಯವನಿಗೆ ಚಾಚಿದಳು. ಅವನು ಒಡೆದು, ಸಿಪ್ಪೆಯ ಚಮಚ ಕೆತ್ತಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಅವಳು ಗಂಜಿ ಕೆರೆದು ತಿನ್ನತೊಡಗಿದಳು. ಶ್ರೀಕರ್ ಕಾದ. ಕಾಯದೆ ಅವನಿಗೆ ಬೇರೆ ದಾರಿ ಗೊತ್ತಿರಲಿಲ್ಲ.

ತಿಂದು ಮುಗಿದ ಮೇಲೆ ಅವನು ಗಂಟಲು ಸರಿ ಮಾಡಿಕೊಂಡ. ‘ಜಯಾ ಮೇಡಂ, ನೀವು…’ ಎಂದು ಶುರುಮಾಡಿ, ಆ ಮಾತು ಹೇಳಲಾಗದೆ ನುಂಗಿಕೊಂಡ. ಮುಂದಿನದೂ ಹೇಳಲಾಗಲಿಲ್ಲ. ಫೋನ್ ತೆಗೆದು ನೋಡಿದ, ಎದ್ದು ನಿಂತ.

‘ಉಳಿದದ್ದು…’ ಎಂದ. ಅಭ್ಯಾಸದಂತೆ ಅವನ ಕಣ್ಣು ಛತ್ರಿಯ ಕಡೆ ಹೊರಳಿತು. ಗಾಡಿಗೆ ಒರಗಿದ್ದ ಛತ್ರಿಯ ಪಕ್ಕ ಯಾರೂ ಇರಲಿಲ್ಲ.

‘ನಾನೇ ನೋಡ್ಕೋತೀನಿ ಬಿಡಿ’ ಎಂದಳು ಜಯಾ. ‘ಇಷ್ಟು ಜನರದ್ದು ನೋಡ್ಕೊಂಡಿಲ್ವಾ.’

ತಲೆಯ ಮೇಲಿಂದ ಐಡಿ ಕಾರ್ಡಿನ ದಾರ ತೆಗೆಯುವಾಗ ಅದು ಜಡೆಯ ಪಿನ್ನಿಗೆ ಸಿಕ್ಕಿಕೊಂಡಿತು. ಬೇರೆಯವರದ್ದಾಗಿದ್ದರೆ ಅವಳೇ ಬಿಡಿಸಿಕೊಡುತ್ತಿದ್ದಳು. ನಿಧಾನವಾಗಿ ತಾನೇ ಬಿಡಿಸಿಕೊಂಡು, ಕಾರ್ಡನ್ನು ಅವನ ಅಂಗೈಯಲ್ಲಿಟ್ಟಳು.