ಜೆಂಟ್ಸ್ ಸೆಂಟು

ನಮ್ಮ ಮನೆಯ ಬೀರುವಿನಲ್ಲಿ, ಸೀರೆಗಳ ಹಿಂದೆ, ಗಂಡಸರ ಸೆಂಟಿನ ಬಾಟಲಿಯೊಂದಿದೆ. ಅದು ನನ್ನ ಯಜಮಾನರದ್ದು ಎಂದುಕೊಂಡರೆ ತಪ್ಪು. ಅವರು ಮುಖಕ್ಕೆ ಪೌಡರ್ ಹಾಕಿಕೊಂಡರೇ ಯಾರದೋ ಮದುವೆ ಇದೆ ಎಂದರ್ಥ. ಬಾಟಲಿ ನನ್ನದು. ಐವತ್ತು ದಾಟಿದ, ಇಬ್ಬರು ಮಕ್ಕಳ ತಾಯಿಯಾದ, ತುಮಕೂರಿನ ಹೈಸ್ಕೂಲೊಂದರಲ್ಲಿ ಮಕ್ಕಳಿಗೆ ಲೆಫ್ಟ್ ರೈಟ್ ಹೇಳಿಕೊಡುವ ಪಿ.ಟಿ. ಮೇಡಂ ನಾನು. ಇದನ್ನು ನಿಮ್ಮೆದುರು ಒಪ್ಪಿಕೊಳ್ಳಲು ಒಂದು ವರ್ಷ ಹಿಡಿಯಿತು.

ಅದು ಕೈಗೆ ಬಂದದ್ದು ಆಕಸ್ಮಿಕವಾಗಿ. ನಮ್ಮ ಹೆಡ್ಮಾಸ್ಟರು ನಿವೃತ್ತರಾಗುವುದಿತ್ತು. ಶಾಲು, ಹಾರ, ಫೋಟೋ ಫ್ರೇಮು ಎಲ್ಲರೂ ಕೊಡುತ್ತಾರೆ, ನಾವು ಒಳ್ಳೆಯ ಸೆಂಟು ಕೊಡೋಣ ಎಂದು ಸ್ಟಾಫ್ ರೂಮ್ ತೀರ್ಮಾನಿಸಿತು. ತರುವ ಕೆಲಸ ನನಗೆ ಬಿತ್ತು. ಪೇಟೆಯ ಹಳೆಯ ಅತ್ತರಿನ ಅಂಗಡಿಯ ಸಾಹೇಬರು ಬಿಳಿ ಗಡ್ಡದ, ಅವಸರವೇ ಇಲ್ಲದ ಮನುಷ್ಯ. ಒಂದೊಂದೇ ಬಾಟಲಿ ತೆಗೆದು ನನ್ನ ಮುಂಗೈಗೆ ಹಚ್ಚಿ ತೋರಿಸಿದರು. ಶ್ರೀಗಂಧ ಆಯಿತು, ಲಾವಂಚದ ಖಸ್ ಆಯಿತು. ಐದನೆಯದಕ್ಕೆ ನಾನು ನಿಂತುಬಿಟ್ಟೆ.

ಹೇಗೆ ಹೇಳಲಿ? ಚಕ್ಕೆ, ಲವಂಗ, ಏಲಕ್ಕಿ ಹುರಿಯುತ್ತಿದ್ದಾರೆ, ಪಕ್ಕದಲ್ಲಿ ಯಾರೋ ಹೊಸ ಚರ್ಮದ ಪೆಟ್ಟಿಗೆ ತೆರೆದಿದ್ದಾರೆ, ಒಳಗಿಂದ ಬೆಚ್ಚನೆಯ ಗಾಳಿ ಬರುತ್ತಿದೆ, ಹಾಗೆ.

"ಇದು ನಂಗಿರ್ಲಿ ಸಾಹೇಬ್ರೇ," ಅಂದೆ.

"ಇದು ಜೆಂಟ್ಸ್‌ದು ಮೇಡಂ. ಲೇಡೀಸ್‌ಗೆ ಬರಲ್ಲ."

"ಯಾಕ್ ಬರಲ್ಲ?"

ಸಾಹೇಬರು ಯೋಚಿಸಿದರು. "ಇದನ್ ಹಾಕೋರು ಬೇರೆ ಥರ ಜನ ಮೇಡಂ. ರೂಮಿಗೆ ಬಂದ್ರೆ ಕುರ್ಚಿ ಖಾಲಿ ಇದ್ಯಾ ಅಂತ ಕೇಳಲ್ಲ. ಸೀದಾ ಹೋಗಿ ಕೂತ್ಕೊಳ್ತಾರೆ."

ಮಾತು ನಾಟಿತು. ರಿಸರ್ವ್ ಮಾಡಿಸಿದ ಸೀಟಿನಲ್ಲಿ ಬೇರೆಯವರು ಕೂತಿದ್ದರೆ "ಪರವಾಗಿಲ್ಲ ಬಿಡಿ" ಎಂದು ಬೆಂಗಳೂರಿನವರೆಗೂ ನಿಂತು ಹೋದವಳು ನಾನು. ಹೆಡ್ಮಾಸ್ಟರಿಗೆ ಶ್ರೀಗಂಧ, ನನಗೆ ಇದು ಎಂದು ಎರಡೂ ಕಟ್ಟಿಸಿಕೊಂಡು ಬಂದೆ.

ದಾರಿಯುದ್ದಕ್ಕೂ ತಲೆಯಲ್ಲಿ ಒಂದೇ ಜಗಳ. ಚಕ್ಕೆ ಲವಂಗವನ್ನು ತಲತಲಾಂತರದಿಂದ ಹುರಿದು, ಕುಟ್ಟಿ, ಪುಡಿ ಮಾಡಿದವರು ಯಾರು? ನಮ್ಮಜ್ಜಿ, ನಮ್ಮಮ್ಮ, ನಾನು. ಆ ವಾಸನೆ ನಮ್ಮ ಸೆರಗಿಗೆ ಅಂಟಿದರೆ "ಅಡುಗೆಮನೆ ವಾಸನೆ, ಸೀರೆ ಬದಲಾಯಿಸು" ಅನ್ನುತ್ತಾರೆ. ಅದೇ ವಾಸನೆ ಬಾಟಲಿಗೆ ಹೋಗಿ ಗಂಡಸಿನ ಕತ್ತಿಗೆ ಬಂದರೆ ಪರ್ಸನಾಲಿಟಿ! ಹಿಂದೆ ರಾಜರು ಕಸ್ತೂರಿ, ಪುನುಗು, ಪಚ್ಚಕರ್ಪೂರ ಪೂಸಿಕೊಂಡೇ ಒಡ್ಡೋಲಗಕ್ಕೆ ಬರುತ್ತಿದ್ದರಂತೆ. ಅರೆದುಕೊಟ್ಟವಳ ಕೈಯೂ ಅಷ್ಟೇ ಘಮಘಮ ಎನ್ನುತ್ತಿದ್ದಿರಬೇಕು. ಅವಳನ್ನು ಯಾರೂ ಸಿಂಹಾಸನದ ಮೇಲೆ ಕೂರಿಸಿದ ಹಾಗೆ ಕಾಣೆ.

ಇಷ್ಟೆಲ್ಲ ವಾದಿಸಿದರೂ ಬಾಟಲಿಯ ಮುಚ್ಚಳ ತೆಗೆಯುವ ಧೈರ್ಯ ಬರಲಿಲ್ಲ. ತೆಗೆಸಿದ್ದು ಕಬಡ್ಡಿ.

ನಾನು ಕಬಡ್ಡಿ ರೆಫ್ರಿ. ಪರೀಕ್ಷೆ ಪಾಸು ಮಾಡಿದ್ದೇನೆ, ವಿಶಲ್ ಇದೆ. ಆದರೆ ಗಂಡಸರ ಪಂದ್ಯಕ್ಕೆ ಕರೆಯುವುದು ಅಪರೂಪ. ಗುಬ್ಬಿಯಲ್ಲಿ ಒಮ್ಮೆ ಕರೆದಿದ್ದರು. ಅಲ್ಲಿ ಹೊರಗಿನ ತಂಡದ ಹುಡುಗನೊಬ್ಬ ಎದುರಾಳಿಯನ್ನು ಮುಟ್ಟಿ ಬಂದದ್ದನ್ನು ಕಣ್ಣಾರೆ ಕಂಡು ಪಾಯಿಂಟು ಕೊಟ್ಟೆ. ಊರಿನವರು ನಾಲ್ಕು ಜನ ಬಂದು ಸುತ್ತ ನಿಂತು ಕೂಗಾಡಿದರು. ನನ್ನ ಕೈ ತಾನಾಗಿ ಕೆಳಗಿಳಿಯಿತು. ತೀರ್ಪು ಬದಲಿಸಿದೆ. ಆ ಹುಡುಗ ಜಗಳವಾಡಲಿಲ್ಲ. ನನ್ನನ್ನೊಮ್ಮೆ ನೋಡಿ ಹೊರಗೆ ಹೋದ, ಅಷ್ಟೇ. ಆ ನೋಟ ಎಷ್ಟೋ ದಿನ ನನ್ನ ಜೊತೆಗೇ ಊಟಕ್ಕೆ ಕೂರುತ್ತಿತ್ತು.

ಹಾಗಾಗಿ ಕುಣಿಗಲ್‌ನ ಟೂರ್ನಮೆಂಟಿಗೆ ಕರೆ ಬಂದಾಗ ಒಲ್ಲೆ ಎನ್ನಲು ಬಾಯಿ ತೆರೆದವಳು, ಅದು ಹೇಗೋ ಹ್ಞೂಂ ಅಂದುಬಿಟ್ಟೆ. ಅಂದು ಬೆಳಿಗ್ಗೆ ಬೀರು ತೆರೆದು, ಎರಡು ಮಣಿಕಟ್ಟಿಗೂ ಕತ್ತಿಗೂ ಆ ಸೆಂಟು ಹಚ್ಚಿಕೊಂಡೆ. ಯಜಮಾನರು ಪೇಪರಿನಿಂದ ತಲೆಯೆತ್ತಿ, "ಯಾರೋ ಬಂದಂಗಿದೆ, ನೋಡೇ," ಅಂದರು.

ಮೈದಾನದಲ್ಲೂ ಅದೇ ಕಥೆ. ಮೊದಲ ಪಂದ್ಯಕ್ಕೆ ಸಾಲಾಗಿ ನಿಂತ ಆಟಗಾರರ ಹತ್ತಿರ ಹೋದೆ. ಒಬ್ಬ ಗಾಳಿ ಮೂಸಿ ಪಕ್ಕದವನಿಗೆ, "ಯಾರೋ ದೊಡ್ಡ ಸಾಹೇಬ್ರು ಬಂದವ್ರೆ ಕಣ್ಲಾ," ಎಂದು ಪಿಸುಗುಟ್ಟಿದ. ಇಬ್ಬರೂ ನನ್ನ ಬೆನ್ನ ಹಿಂದೆ ಇಣುಕಿದರು. ಹಿಂದೆ ಯಾರಿದ್ದರು? ನಾನೇ ಆ ಸಾಹೇಬರು! ಅಂದು ಬೆಳಗಿನ ಪಂದ್ಯಗಳನ್ನು ನಡೆಸಿದ ಠೀವಿ ನೀವು ನೋಡಬೇಕಿತ್ತು. ವಿಶಲ್ ಊದಿದರೆ ಕುಣಿಗಲ್ ಕೆರೆಯ ಆಚೆ ದಡಕ್ಕೆ ಕೇಳಬೇಕು, ಹಾಗೆ ಊದಿದೆ.

ಫೈನಲ್ ನಾಲ್ಕು ಗಂಟೆಗೆ. ಗುಬ್ಬಿ ತಂಡಕ್ಕೂ ಕುಣಿಗಲ್ ತಂಡಕ್ಕೂ. ಶುರುವಾಗುವ ಮುಂಚೆ ಗುಟ್ಟಾಗಿ ಮಣಿಕಟ್ಟು ಮೂಸಿ ನೋಡಿಕೊಂಡೆ. ಏನೂ ಇಲ್ಲ! ಬಿಸಿಲು, ಬೆವರು, ಮೈದಾನದ ಕೆಂಧೂಳು ಸೇರಿ ಸೆಂಟನ್ನು ಪೂರ್ತಿ ತಿಂದುಹಾಕಿದ್ದವು. ದೊಡ್ಡ ಸಾಹೇಬರು ಮಧ್ಯಾಹ್ನವೇ ಎದ್ದು ಹೋಗಿದ್ದರು. ಉಳಿದವಳು ಗುಬ್ಬಿಯಲ್ಲಿ ಕೈ ಇಳಿಸಿದ ಅದೇ ಮೇಡಂ.

ಆಟ ಸಮಸಮನಾಗಿ ಹೋಗಿ ಕೊನೆಯ ಒಂದು ರೈಡಿಗೆ ನಿಂತಿತು. ಕುಣಿಗಲ್ ಕಡೆಯಿಂದ ಲೋಕಿ ಎಂಬ ಉದ್ದನೆಯ ಹುಡುಗ ಒಳಗೆ ನುಗ್ಗಿದ. ಊರಿಗೆ ಊರೇ ಅರಚುತ್ತಿತ್ತು. ಅವನು ಮೂಲೆಯವನನ್ನು ಮುಟ್ಟಿ, ತಿರುಗಿ, ಹಾರಿ ಗೆರೆಯ ಈಚೆ ಬಿದ್ದ. ಜನ ಪಟಾಕಿಗೆ ಬೆಂಕಿ ಹಚ್ಚಿದರು. ಆದರೆ ನಾನು ಅವನಿಂದ ಎರಡು ಮಾರು ದೂರದಲ್ಲಿದ್ದೆ. ಹಾರುವ ಮುನ್ನ ಅವನ 'ಕಬಡ್ಡಿ ಕಬಡ್ಡಿ' ಅರ್ಧಕ್ಕೆ ಕಡಿದು, ಒಂದು ಉಸಿರು ಒಳಗೆ ಎಳೆದುಕೊಂಡದ್ದು ಕೇಳಿಸಿತ್ತು. ಉಸಿರು ಕಡಿದರೆ ರೈಡರ್ ಔಟು, ಪಾಯಿಂಟು ಎದುರಿನವರಿಗೆ. ವಿಶಲ್ ಊದಿ ಕೈಯನ್ನು ಗುಬ್ಬಿಯ ಕಡೆಗೆ ಚಾಚಿದೆ.

ಆಮೇಲೆ ಕೇಳಬೇಡಿ. ವೇದಿಕೆಯ ಮೇಲಿದ್ದ ಮುಖಂಡರೇ ಇಳಿದು ಬಂದರು. "ಮೇಡಂ, ಈ ಗಲಾಟೇಲಿ ನಿಮ್ಗೆ ಅದೆಂಗ್ ಕೇಳುಸ್ತು? ಬುಡಿ ಅತ್ಲಾಗೆ, ಇನ್ನೊಂದ್ ರೈಡ್ ಕೊಟ್ಬುಡಿ. ಎಲ್ರಿಗೂ ಸಮಾಧಾನ ಆಯ್ತದೆ."

ಸುಳ್ಳೇಕೆ ಹೇಳಲಿ, ಚಾಚಿದ ಕೈ ಭಾರವಾಗಿತ್ತು. ಇಳಿಸಿದರೆ ಎಲ್ಲ ಮುಗಿಯುತ್ತಿತ್ತು.

"ಸಮಾಧಾನ ಮಾಡಕ್ಕೆ ಬಂದಿಲ್ಲ ಸಾರ್ ನಾನು," ಅಂದೆ. "ಅವ್ನ ಉಸ್ರು ಕಡೀತು. ಔಟ್."

ಮುಖಂಡರು ಇನ್ನೇನೋ ಹೇಳುವುದರಲ್ಲಿದ್ದರು. ಅಷ್ಟರಲ್ಲಿ ಲೋಕಿ ಮಂಡಿಯ ಮಣ್ಣು ಕೊಡವಿಕೊಂಡು ಎದ್ದ. ಯಾರ ಮುಖವನ್ನೂ ನೋಡದೆ ಔಟಾದವರು ಕೂರುವ ಜಾಗಕ್ಕೆ ಹೋಗಿ ಕೂತ. ಅಲ್ಲಿಗೆ ಗಲಾಟೆಯ ಗಾಳಿ ಇಳಿಯಿತು. ನನ್ನ ಕೈ ಮಾತ್ರ ಬೋರ್ಡಿನ ಮೇಲೆ ಪಾಯಿಂಟು ಬರೆಯುವವರೆಗೂ ಇಳಿಯಲಿಲ್ಲ.

ಸಂಜೆ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಲೋಕಿ ಬೈಕಿನಲ್ಲಿ ಹುಡುಕಿಕೊಂಡು ಬಂದ. ಬೈಯಲಿಕ್ಕೇ ಬಂದನೆಂದು ಬ್ಯಾಗನ್ನು ಎದೆಗೆ ಅವಚಿಕೊಂಡೆ.

"ಮೇಡಂ, ಮುಂದಿನ್ ತಿಂಗ್ಳು ಯಡಿಯೂರಲ್ಲಿ ನಮ್ದೇ ಟೂರ್ನಮೆಂಟ್ ಐತೆ. ರೆಫ್ರಿ ನೀವೇ ಆಗ್ಬೇಕು."

"ಯಾಕಪ್ಪಾ, ಇನ್ನೊಂದ್ ಸಲ ಸೋಲಕ್ಕಾ?"

ಅವನು ತಲೆ ಕೆರೆದುಕೊಂಡು ನಕ್ಕ. "ಉಸ್ರು ಕಡ್ದಿದ್ದು ನಂಗೊಬ್ಬಂಗೇ ಗೊತ್ತು ಅನ್ಕಂಡಿದ್ದೆ ಮೇಡಂ."

ಸುಗಂಧ ಮಾರುವವರು ವ್ಯಕ್ತಿತ್ವವನ್ನೂ ಮಾರುತ್ತೇವೆ ಎನ್ನುತ್ತಾರೆ. ಪಾಪ, ಅವರ ಮಾತು ಪೂರ್ತಿ ಸುಳ್ಳಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಖಂಡಿತ ಬರುತ್ತದೆ. ಸಂಜೆಯದನ್ನು ನಾವೇ ನೋಡಿಕೊಳ್ಳಬೇಕು. ಹಾಗೆಂದು ನಾನು ಹಚ್ಚಿಕೊಳ್ಳುವುದನ್ನೇನೂ ಬಿಟ್ಟಿಲ್ಲ. ಈಗ ಮಾರ್ಕೆಟ್ಟಿಗೂ ಹಚ್ಚಿಕೊಂಡು ಹೋಗುತ್ತೇನೆ.

ಅಂದು ತುಮಕೂರಿನ ಕ್ಯಾತ್ಸಂದ್ರದ ಮನೆ ಸೇರಿದಾಗ ಯಜಮಾನರು ಬಾಗಿಲಲ್ಲೇ ಇದ್ದರು.

"ಯಾರ್ ಗೆದ್ರು?"

"ನಾನು," ಅಂದೆ.

ಅವರು ನನ್ನ ಕೆಂಧೂಳು ಮೆತ್ತಿದ ಮುಖವನ್ನು ನೋಡಿದರು. ಆಮೇಲೆ ಬ್ಯಾಗು ತೆಗೆದುಕೊಳ್ಳುತ್ತಾ ಕೇಳಿದರು:

"ಎಷ್ಟ್ ಪಾಯಿಂಟಿಂದ?"

"ಒಂದೇ."