ಕಪ್ಪು ಬಟ್ಟೆಯ ಒಳಗಿನ ಡಬ್ಬಾ ಟಿ.ವಿ.

ಟಿಕ್ ಎಂದು ಒಂದು ಸದ್ದು. ಆಮೇಲೆ ಸೊಳ್ಳೆಯ ದನಿಗಿಂತಲೂ ಸಪೂರವಾದ ಕೀರಲು. ಗುರುವಾಯನಕೆರೆ ಪೇಟೆಗೆ ಇನ್ನೂ ಬೆಳಕು ಹರಿದಿಲ್ಲ, ಮೂಡುಬಿದಿರೆ ಕಡೆಯ ಮೊದಲ ಬಸ್ಸೂ ಬಂದಿಲ್ಲ. ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ ಲೋಲಾಕ್ಷಿ ಹಳೆಯ ಡಬ್ಬಾ ಟಿ.ವಿ.ಯ ಸ್ವಿಚ್ ಹಾಕಿ, ಗಾಜಿನಲ್ಲಿ ಬೆಳಕು ಕೂಡುವುದನ್ನು ಕಾಯುತ್ತಿದ್ದಾರೆ. ಟಿ.ವಿ.ಯ ಸುತ್ತ ಮೂರು ಕಡೆ ಕಪ್ಪು ಬಟ್ಟೆ ಇಳಿಬಿಟ್ಟಿದೆ.

"ಬಸ್ಸು ಶುರುವಾದ್ರೆ ನೆಲ ನಡುಗ್ತದೆ, ಕ್ಯಾಮೆರಾದ ಸ್ಟ್ಯಾಂಡೂ ನಡುಗ್ತದೆ. ಬೆಳಕಾದ್ರೆ ಗಾಜಿನಲ್ಲಿ ನನ್ನ ಮುಖವೇ ಕಾಣ್ತದೆ. ಗಿರಾಕಿಗೆ ನನ್ನ ಮುಖ ಎಂತಕ್ಕೆ?" ಎಂದು ಪತ್ರಿಕೆಯಿಂದ ಬಂದ ನಮಗೆ ಹೇಳುತ್ತಾರೆ.

ಇವತ್ತು ಮೇಜಿನ ಮೇಲೆ ಎರಡು ಕ್ಯಾಮೆರಾಗಳಿವೆ. ಒಂದು ದೊಡ್ಡದು, ಹೊಸದು. ಇನ್ನೊಂದು ಅಂಗೈಯಷ್ಟೇ ಇರುವ ಹಳೆಯ ಹ್ಯಾಂಡಿಕ್ಯಾಮ್. ಲೋಲಾಕ್ಷಿ ಒಂದನ್ನು ಎತ್ತುತ್ತಾರೆ, ಇಡುತ್ತಾರೆ, ಮತ್ತೊಂದನ್ನು ಎತ್ತುತ್ತಾರೆ. ಪಕ್ಕದಲ್ಲಿರುವ ಕ್ಯಾಸೆಟ್ ಇನ್ನೊಂದು ಸಲ ಓಡೀತು, ಅಷ್ಟೇ. ತಪ್ಪು ಕ್ಯಾಮೆರಾ ಹಿಡಿದರೆ ಅದರಲ್ಲಿರುವುದು ಇನ್ನು ಯಾರ ಕಣ್ಣಿಗೂ ಬೀಳುವುದಿಲ್ಲ.

ಹಳೆಯ ವಿಡಿಯೊ ಕ್ಯಾಸೆಟ್‌ಗಳ ಬೂಷ್ಟು ಒರೆಸಿ, ಚಿತ್ರವನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ಲೋಲಾಕ್ಷಿಯ ಕಸುಬು. ಹುಡುಗಿಯಾಗಿದ್ದಾಗ ಬೆಳ್ತಂಗಡಿಯ ಒಂದು ಕ್ಯಾಸೆಟ್ ಬಾಡಿಗೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದವರು. ಅಂಗಡಿ ಮುಚ್ಚಿದ ದಿನ ಯಂತ್ರಗಳೆಲ್ಲ ಗುಜರಿಗೆ ಹೊರಟಿದ್ದವು. ಮನಸ್ಸು ಕೇಳದೆ ಎರಡು ಪ್ಲೇಯರ್, ಒಂದು ಟಿ.ವಿ.ಯನ್ನು ರಿಕ್ಷಾದಲ್ಲಿ ಹೇರಿಕೊಂಡು ಬಂದರು. ಮನೆಯವರು ಬೈದರು. ಕೆಲವು ವರ್ಷ ಅದರ ಮೇಲೆ ಬಟ್ಟೆ ಒಣಗಿಸಿದ್ದೂ ಉಂಟು ಎಂದು ನಗುತ್ತಾರೆ.

ಈಗ ವಾರಕ್ಕೆ ಏಳೆಂಟು ಕ್ಯಾಸೆಟ್ ಬರುತ್ತವೆ. ಹೆಚ್ಚಿನವು ಬಂಟ್ವಾಳದ ಕಡೆಯ ಮುಸ್ಲಿಂ ಮನೆಗಳಿಂದ. ಮದುವೆಯಲ್ಲಿ ಹೆಂಗಸರ ಕಡೆಯ ಚಿತ್ರವನ್ನು ಹೆಂಗಸರೇ ತೆಗೆದ ಕ್ಯಾಸೆಟ್‌ಗಳು ಅವು. ಅದನ್ನು ಗಂಡಸರ ಸ್ಟುಡಿಯೊಗೆ ಕೊಡಲು ಅವರು ಒಪ್ಪುವುದಿಲ್ಲ. ಲೋಲಾಕ್ಷಿಯ ಕೋಣೆಗೆ ತಂದುಕೊಡುತ್ತಾರೆ. ಕಪ್ಪು ಬಟ್ಟೆ ಇಳಿದ ಮೇಲೆ ಒಳಗೆ ಬೇರೆಯವರಿಗೆ ಜಾಗವಿಲ್ಲ. ಅದು ಬೋರ್ಡು ಹಾಕದ ನಿಯಮ.

ಮೈಮೂನಮ್ಮ ತಂದ ಕ್ಯಾಸೆಟ್ ಮಾತ್ರ ಬೇರೆ ಥರ. ಅದು ಅವರ ಮದರಂಗಿಯ ರಾತ್ರಿಯದು. ಗಲ್ಫಿನಿಂದ ಬಂದಿದ್ದ ಅತ್ತಿಗೆ ತೆಗೆದದ್ದು. ಫೋಟೊ ಎಂದರೆ ಸಾಕು, ಮುಖ ತಿರುಗಿಸಿ ಅಡುಗೆಮನೆ ಸೇರುತ್ತಿದ್ದ ಮೈಮೂನಮ್ಮನ ತಾಯಿ, ಅವರ ಮಾತಿನಲ್ಲಿ ಉಮ್ಮ, ಅಂದು ಹಾಡು ಹೇಳುತ್ತ ಕುಳಿತಿದ್ದರಂತೆ. ಅವರ ಚಿತ್ರ ಇರುವುದು ಅದೊಂದೇ ಕಡೆ. ನೇತ್ರಾವತಿ ನದಿ ಉಕ್ಕಿ ಮನೆಯೊಳಗೆ ಬಂದ ವರ್ಷ ಕಪಾಟಿನ ಕೆಳಗಿನ ಅರೆಯಲ್ಲಿದ್ದ ಕ್ಯಾಸೆಟ್ ನೀರು ಕುಡಿಯಿತು.

"ಸ್ವಲ್ಪ ಓಡಿಸಿ ನೋಡಿದೆ. ಕಂದು ಪುಡಿ ಉದುರ್ತಾ ಉಂಟು," ಎನ್ನುತ್ತಾರೆ ಲೋಲಾಕ್ಷಿ. "ಕಂಪ್ಯೂಟರಿಗೆ ಕೊಟ್ರೆ ಅದು ನೀಲಿ ಪರದೆ ತೋರಿಸಿ ಕೂತುಬಿಡ್ತದೆ. ಚಿತ್ರ ನಡುಗಿದ್ರೆ ಅದಕ್ಕೆ ಆಗುದಿಲ್ಲ. ಈ ಡಬ್ಬಾ ಟಿ.ವಿ. ಹಾಗಲ್ಲ. ಓರೆಯಾಗ್ಲಿ, ನಡುಗ್ಲಿ, ಇದ್ದದ್ದನ್ನು ತೋರಿಸ್ತದೆ."

ಹಾಗಾಗಿ ಟಿ.ವಿ. ಪರದೆಯನ್ನೇ ಚಿತ್ರೀಕರಿಸಬೇಕು. ಗೊಂದಲ ಶುರುವಾದದ್ದು ಅಲ್ಲಿಂದ.

ಮೊದಲು ತಮ್ಮ ಮೊಬೈಲನ್ನೇ ಹಿಡಿದರು. ಪರೀಕ್ಷೆಗೆಂದು ಹಾಕಿದ್ದ ಯಕ್ಷಗಾನದ ಕ್ಯಾಸೆಟ್‌ನಲ್ಲಿ ವೇಷಧಾರಿಯ ಮೈಮೇಲೆ ಕಪ್ಪು ಪಟ್ಟಿಗಳು ಕೆಳಗಿಂದ ಮೇಲೆ ಹರಿದವು. ಕಣ್ಣಿಗೆ ಕಾಣದ ಪಟ್ಟಿ ಮೊಬೈಲಿಗೆ ಹೇಗೆ ಕಂಡಿತು? ಕೆಳಗಿನ ಹೊಲಿಗೆ ಅಂಗಡಿಯ ಸುಪ್ರೀತಾ, ಒಳ್ಳೆಯ ಮೊಬೈಲ್ ತೆಗೆದುಕೊಳ್ಳಿ ಎಂದರು. ಅವರದೇ ಹೊಸ ಮೊಬೈಲಿನಲ್ಲಿ ಪಟ್ಟಿ ಇನ್ನಷ್ಟು ಸ್ಪಷ್ಟವಾಗಿ ಬಂತು.

ಆಮೇಲೆ ಮೂಡುಬಿದಿರೆಯಿಂದ ಸ್ಟುಡಿಯೊದ ಅಶೋಕ್ ತಮ್ಮ ದೊಡ್ಡ ಕ್ಯಾಮೆರಾ ಹೊತ್ತುಕೊಂಡು ಬಂದರು. ಮದುವೆ ಹಾಲ್‌ಗಳಲ್ಲಿ ಹೆಸರು ಮಾಡಿದ ಕ್ಯಾಮೆರಾ. ಅದರಲ್ಲೂ ಪಟ್ಟಿ.

"ನಿಮ್ಮ ಟಿ.ವಿ.ಯೇ ಹಾಳಾಗಿದೆ ಅಕ್ಕ," ಎಂದರು ಅಶೋಕ್.

"ಟಿ.ವಿ. ಸರಿ ಉಂಟು ಮಾರಾಯ್ರೆ. ನೀವೇ ಕಣ್ಣಲ್ಲಿ ನೋಡಿ."

"ಕಣ್ಣಿಗೆ ಸರಿ ಉಂಟು. ಹಾಗಾದ್ರೆ ಕ್ಯಾಮೆರಾ ಹಾಳಾ?"

"ನನ್ನನ್ನು ಕೇಳಿದ್ರೆ? ಕ್ಯಾಮೆರಾ ನಿಮ್ಮದಲ್ವಾ!"

ವಿಷಯ ಕೇಳಿದ ಮೈಮೂನಮ್ಮ ತಮ್ಮ ಮನೆಯಲ್ಲಿ ಬಿದ್ದಿದ್ದ ಹ್ಯಾಂಡಿಕ್ಯಾಮನ್ನು ದುಪಟ್ಟಾದಲ್ಲಿ ಸುತ್ತಿ ತಂದರು. ಬಣ್ಣ ಸ್ವಲ್ಪ ಮಾಸಿದಂತೆ ಬಂತು. ಪಟ್ಟಿ ಮಾತ್ರ ಒಂದೂ ಇಲ್ಲ. ಅಶೋಕ್ ತಲೆ ಕೆರೆದುಕೊಂಡರು. ಯಾರು ಯಾರಿಗೋ ಫೋನು ಮಾಡಿದ ಮೇಲೆ ತಿಳಿಯಿತು: ಈ ಟಿ.ವಿ. ಸೆಕೆಂಡಿಗೆ ಐವತ್ತು ಸಲ ಚಿತ್ರವನ್ನು ಗೀಚುತ್ತದೆ, ಹ್ಯಾಂಡಿಕ್ಯಾಮ್ ಕೂಡ ಅದೇ ಲೆಕ್ಕದಲ್ಲಿ ನೋಡುತ್ತದೆ. ಮದುಮಗಳ ಸೆರಗು ನಿಧಾನಕ್ಕೆ ಹಾರುವಂತೆ ತೋರಿಸಲು ಅಶೋಕ್ ತಮ್ಮದನ್ನು ಅರವತ್ತಕ್ಕೆ ಇಟ್ಟಿದ್ದರು. ಐವತ್ತಕ್ಕೆ ತಂದಾಗ ಅದರಲ್ಲೂ ಪಟ್ಟಿ ಮಾಯವಾಯಿತು. ಆದರೆ ಗಾಜಿನ ಸಣ್ಣ ಸಣ್ಣ ಚುಕ್ಕಿಗಳೆಲ್ಲ ಸೇರಿ ಕಾಮನಬಿಲ್ಲಿನಂಥ ಅಲೆಗಳೆದ್ದವು. ಕ್ಯಾಮೆರಾವನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಫೋಕಸ್ ಕೂದಲೆಳೆಯಷ್ಟು ತಪ್ಪಿಸಿದರೆ ಅಲೆ ಹೋಗುತ್ತದೆ ಎಂದರು ಅಶೋಕ್. ಚಂದ ಕಾಣಲಿಕ್ಕೆ ಫೋಕಸ್ ತಪ್ಪಿಸುವುದೇ? ಲೋಲಾಕ್ಷಿಗೆ ತಲೆ ತಿರುಗಿತು.

ಈ ಬೆಳಿಗ್ಗೆಯೂ ಆ ಗೊಂದಲ ನಿಂತಿಲ್ಲ. ದೊಡ್ಡದರಲ್ಲಿ ಹಾಡುವವರ ಮೂಗುತಿ ಕೂಡ ಕಾಣಬಹುದು. ಸಣ್ಣದರಲ್ಲಿ ಮುಖ ಕಂಡರೆ ಪುಣ್ಯ. ಅಶೋಕ್ ಬಂದಿದ್ದಾರೆ, ಕೆಳಗೆ ಚಾ ಕುಡಿಯುತ್ತಿದ್ದಾರೆ. ಬೇಕಾದರೆ ಬಟ್ಟೆಯ ಹೊರಗೆ ನಿಂತು ಹೇಳಿಕೊಡುತ್ತೇನೆ ಎಂದಿದ್ದಾರೆ. ಕಣ್ಣು ಮುಚ್ಚಿಕೊಂಡು ಒಳಗೆ ಬರುತ್ತೇನೆ ಎಂದೂ ಹೇಳಿದ್ದಾರೆ. ಅದಕ್ಕೆ, ಬೆಳಕಾಗುವ ಮೊದಲೇ ಬಂದು ಕುಳಿತಿರುವ ಮೈಮೂನಮ್ಮ, "ಕಣ್ಣು ಮುಚ್ಚಿ ಕ್ಯಾಮೆರಾ ಹಿಡಿಯುವವನನ್ನು ನಾನು ಈ ಪ್ರಾಯಕ್ಕೆ ಮೊದಲ ಸಲ ನೋಡುದು," ಎಂದು ಅವರ ಬಾಯಿ ಮುಚ್ಚಿಸಿದ್ದಾರೆ.

ಲೋಲಾಕ್ಷಿ ಕೊನೆಗೆ ಸಣ್ಣದನ್ನು ಸ್ಟ್ಯಾಂಡಿಗೆ ಸಿಕ್ಕಿಸುತ್ತಾರೆ.

"ಸರಿಯಾ, ತಪ್ಪಾ, ನನಗೆ ಈಗಲೂ ಗೊತ್ತಿಲ್ಲ," ಎನ್ನುತ್ತಾರೆ. "ಅಶೋಕಣ್ಣನ ಕ್ಯಾಮೆರಾ ಒಳ್ಳೆಯದೇ. ಆದ್ರೆ ಕತ್ತಲಲ್ಲಿ ಕೈ ತಾಗಿ ಒಂದು ಚಕ್ರ ತಿರುಗಿದ್ರೆ ನಾನು ಯಾರನ್ನು ಕರೆಯುದು? ಒಳಗೆ ಯಾರೂ ಬರುವ ಹಾಗಿಲ್ಲ. ಇದರಲ್ಲಿ ಒಂದೇ ಗುಂಡಿ. ಅದು ನನಗೆ ಬರ್ತದೆ."

ನಾಲ್ಕನೆಯ ಕಡೆಯ ಕಪ್ಪು ಬಟ್ಟೆಯೂ ಇಳಿಯುತ್ತದೆ. ಒಳಗೆ ಲೋಲಾಕ್ಷಿ ಮತ್ತು ಕ್ಯಾಸೆಟ್‌ನ ಒಡತಿ ಮೈಮೂನಮ್ಮ ಇಬ್ಬರೇ. ಹೊರಗೆ ಕುಳಿತ ನಮಗೆ ಕೇಳುವುದು ಪ್ಲೇಯರಿನ ಗರಗರ, ಆಮೇಲೆ ಎಲ್ಲೋ ದೂರದಿಂದ ಬಂದಂಥ ಹೆಂಗಸರ ಹಾಡು, ಕೈಚಪ್ಪಾಳೆ. ಹಾಡು ತಟ್ಟನೆ ನಿಲ್ಲುತ್ತದೆ. ಟೇಪ್ ಹರಿಯಿತೇ? ಇಲ್ಲ, ಗರಗರ ನಡೆದೇ ಇದೆ. ಮರುಕ್ಷಣ ಮೈಮೂನಮ್ಮ ನಗುವುದು ಕೇಳುತ್ತದೆ. ಮೊಮ್ಮಕ್ಕಳನ್ನು ಒಂದೇ ನೋಟದಲ್ಲಿ ಕೂರಿಸುವ ಹೆಂಗಸಿನ ನಗುವಲ್ಲ ಅದು. ಮದರಂಗಿ ಹಾಕಿಸಿಕೊಂಡು ಕುಳಿತ ಹುಡುಗಿಯದು.

"ಅಲ್ಲಾ, ನನ್ನ ಉಮ್ಮ!" ಎಂದು ಉಸಿರು ಕಟ್ಟಿ ನಗುತ್ತಾರೆ. "ನೋಡು ಲೋಲಾಕ್ಷಿ, ನೋಡು! ಕ್ಯಾಮೆರಾ ಕಂಡ್ರೆ ಓಡುವವರಂತೆ!"

ಕ್ಯಾಸೆಟ್ ಮುಗಿಯುವ ಹೊತ್ತಿಗೆ ಬಸ್ಸುಗಳು ಹಾರ್ನ್ ಹೊಡೆಯುತ್ತಿವೆ. ಹೊರಬಂದ ಮೈಮೂನಮ್ಮನ ಕಣ್ಣು ಒದ್ದೆ, ದುಪಟ್ಟಾ ಬಾಯಿಗೆ ಒತ್ತಿಕೊಂಡಿದ್ದಾರೆ. ಪತ್ರಿಕೆಯಲ್ಲಿ ತಮ್ಮ ಹೆಸರು ಹಾಕಲು ಅವರದೇನೂ ಅಡ್ಡಿಯಿಲ್ಲ. "ಪರದೆಯಲ್ಲಿ ಕಂಡದ್ದು ಮಾತ್ರ ಬೇಡ," ಎನ್ನುತ್ತಾರೆ. ಲೋಲಾಕ್ಷಿ ಆಗಲೇ ಪ್ಲೇಯರಿನ ಮುಚ್ಚಳ ತೆಗೆದು ಕಂದು ಪುಡಿ ಒರೆಸುತ್ತಿದ್ದಾರೆ.

ಅಶೋಕ್ ಮೆಟ್ಟಿಲು ಹತ್ತಿ ಬರುತ್ತಾರೆ. "ಬಂತಾ ಅಕ್ಕ?"

"ಬಂತು."

"ಅಷ್ಟು ನಗ್ಲಿಕ್ಕೆ ಎಂತ ಇತ್ತು ಅದರಲ್ಲಿ?"

ಲೋಲಾಕ್ಷಿ ತಲೆ ಎತ್ತುವುದಿಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಬಟ್ಟೆಯ ಒಳಗೇ ಅವರು ತೀರ್ಮಾನಿಸಿ ಆಗಿದೆ.

"ಪಟ್ಟಿ ಇಲ್ಲ ಅಶೋಕಣ್ಣ," ಎನ್ನುತ್ತಾರೆ. "ಒಂದೇ ಒಂದು ಪಟ್ಟಿ ಇಲ್ಲ."