ಸೋದರಮಾವನ ಮರಳುಮೂಟೆ

ಐವತ್ತು ದಾಟಿದ ಮನುಷ್ಯ ತನ್ನ ದೇಹದ ಬಗ್ಗೆ ಮೊದಲ ಸಲ ಗಂಭೀರವಾಗಿ ಯೋಚಿಸುವ ಗಳಿಗೆ ಅವನ ಬಾಳಿನ ಪವಿತ್ರ ಗಳಿಗೆಗಳಲ್ಲೊಂದು. ನನಗೆ ಆ ಗಳಿಗೆ ಬಂದಾಗ ನಾನು ಮೂರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದೆ.

ಅದು ತೊಂಬತ್ತರ ದಶಕದ ಕೊನೆ. ಮಲ್ಲೇಶ್ವರದ ನಮ್ಮ ಮನೆಯಲ್ಲಿ ಅಕ್ಕನ ಮಗಳ ನಿಶ್ಚಿತಾರ್ಥದ ಊಟ ನಡೆದಿತ್ತು. ಭಾವ ತೀರಿಕೊಂಡು ಬಹಳ ವರ್ಷವಾಗಿತ್ತು, ಅವರ ಕಡೆ ಅಣ್ಣತಮ್ಮಂದಿರೂ ಇರಲಿಲ್ಲ. ಹಾಗಾಗಿ ಮದುವೆಯಲ್ಲಿ ಹೆಣ್ಣಿನ ಕಡೆಯ ಗಂಡಸರು ಮಾಡಬೇಕಾದ ಕೆಲಸವೆಲ್ಲ ನನ್ನ ತಲೆಗೆ ಬಂದಿತ್ತು. ಎದುರು ಸಾಲಿನಲ್ಲಿ ಕೂತಿದ್ದ ಹುಡುಗನ ಸೋದರತ್ತೆ ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದರು.

“ನಮ್ಮಲ್ಲಿ ಹುಡುಗೀನ ಸೋದರಮಾವ ಎತ್ಕೊಂಡೇ ಬರ್ಬೇಕು ಮಂಟಪಕ್ಕೆ. ನಿಮ್ಮಲ್ಲೂ ಹಾಗೇ ತಾನೆ?”

“ಹೌದೌದು” ಎಂದೆ. ಬಾಯಲ್ಲಿ ಹೋಳಿಗೆಯಿದ್ದಾಗ ಮನುಷ್ಯ ಯಾವುದಕ್ಕೂ ಇಲ್ಲ ಎನ್ನುವುದಿಲ್ಲ.

ಅವರೆಲ್ಲ ಹೋದ ಮೇಲೆ ಅಕ್ಕ ಮೆಲ್ಲಗೆ ಹೇಳಿದಳು. “ಕೈ ಹಿಡ್ಕೊಂಡು ನಡೆಸ್ಕೊಂಡು ಬಂದ್ರಾಯ್ತು ಬಿಡೋ. ಈಗ ಎಷ್ಟೋ ಕಡೆ ಹಾಗೇ ಮಾಡ್ತಾರೆ.”

“ಯಾಕಮ್ಮಾ? ಮಾಮ ಎತ್ಕೋತಾರೆ. ಅಲ್ವಾ ಮಾಮ?” ಎಂದಳು ಮದುವಣಗಿತ್ತಿ.

ಆ ಹುಡುಗಿ ಮದುವೆಗೆಂದು ಏನನ್ನೂ ಕೇಳಿರಲಿಲ್ಲ. ಧಾರೆ ಸೀರೆಯ ಬಣ್ಣವನ್ನೂ ಅಮ್ಮನಿಗೇ ಬಿಟ್ಟಿದ್ದಳು. ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ. ಮಂಟಪದ ಹತ್ತಿರ ಅಪ್ಪ ನಿಂತಿರುವುದಿಲ್ಲ, ಮಾವನಾದರೂ ಎತ್ತಿಕೊಂಡು ಬರಲಿ ಎಂಬ ಲೆಕ್ಕ ಅವಳದಿರಬೇಕು. ಬಾಯಿಬಿಟ್ಟು ಹಾಗೆಂದವಳಲ್ಲ. ನಾನೂ ಕೇಳಲಿಲ್ಲ.

ಮರುದಿನ ಮನೆಯಲ್ಲಿ ಯಾರೂ ಇಲ್ಲದಾಗ ತುಂಬಿದ ಗ್ಯಾಸ್ ಸಿಲಿಂಡರನ್ನು ಎರಡು ತೋಳಿನಲ್ಲಿ ಮದುಮಗಳಂತೆ ಅಪ್ಪಿ ಎತ್ತಿ ಬಾಗಿಲಿನಿಂದ ಅಡುಗೆಮನೆಗೆ ಹೊರಟೆ. ದೇವರ ಮನೆಯ ಎದುರಿಗೆ ಬರುವಷ್ಟರಲ್ಲಿ ಇಳಿಸಬೇಕಾಯಿತು. ಗೋಡೆಗೊರಗಿ ಏದುಸಿರು ಬಿಡುತ್ತ ಸಿಲಿಂಡರನ್ನು ನೋಡಿದೆ. ಅದಕ್ಕೆ ಜರಿ ಸೀರೆಯಿರಲಿಲ್ಲ, ಸೊಂಟದ ಪಟ್ಟಿಯಿರಲಿಲ್ಲ, ಸುತ್ತ ವೀಡಿಯೊದವನೂ ಇರಲಿಲ್ಲ. ಆ ರಾತ್ರಿಯಿಂದ ನನಗೆ ಒಂದೇ ಕನಸು. ನಾನು ಎಡವುತ್ತೇನೆ, ಓಲಗದವರು ನಿಲ್ಲಿಸುತ್ತಾರೆ.

ಸಂಪಿಗೆ ರಸ್ತೆಯಿಂದ ಒಳಗೆ ತಿರುಗಿದರೆ ಪಾತ್ರೆ ಅಂಗಡಿಯ ಮೇಲೆ ಒಂದು ಜಿಮ್ ಇತ್ತು. ಒಳಗೆ ಆಂಜನೇಯನ ಪಟ, ಒಡೆದ ಕನ್ನಡಿ, ತುಕ್ಕಿನ ವಾಸನೆ, ಕಾಲೇಜು ಹುಡುಗರು. ಪಂಚಾಂಗ ನೋಡಿ, ರಾಹುಕಾಲ ಕಳೆದ ಮೇಲೆ ಬಲಗಾಲಿಟ್ಟು ಪ್ರವೇಶ ಮಾಡಿದೆ. ಮಾಸ್ಟರು ನನ್ನ ಹೊಟ್ಟೆಯನ್ನು ಗೌರವದಿಂದ ನೋಡಿದರು.

“ಏನ್ ಸಾರ್, ಡಾಕ್ಟ್ರು ಕಳಿಸಿದ್ರಾ?”

“ಇಲ್ಲ. ಅಕ್ಕನ ಮಗಳ ಮದುವೆ.” ವಿಷಯ ಹೇಳಿದೆ.

“ಹುಡುಗಿ ಎಷ್ಟು ಕೇಜಿ ಇದಾರೆ?”

“ಅದನ್ನ ಕೇಳೋಕಾಗುತ್ತಾ?”

ಮಾಸ್ಟರು ಯೋಚಿಸಿದರು. ಮೂಲೆಯಲ್ಲಿದ್ದ ಗೋಣಿಚೀಲಕ್ಕೆ ಮರಳು ತುಂಬಿಸಿ ಬಾಯಿ ಹೊಲಿಸಿದರು. ವಾರ ವಾರ ಒಂದಿಷ್ಟು ಮರಳು ಸೇರಿಸುವುದು, ಅದನ್ನು ತೋಳಿನಲ್ಲಿ ಎತ್ತಿಕೊಂಡು ಕನ್ನಡಿಯಿಂದ ಕಿಟಕಿಯವರೆಗೆ ನಾನು ನಡೆಯುವುದು ಎಂದು ತೀರ್ಮಾನವಾಯಿತು. ಅವರು ಹಾಕಿದ ಷರತ್ತು ಒಂದೇ: “ಬಾಳೆಹಣ್ಣು, ಹಾಲು ತಗೊಂಡು ಬನ್ನಿ. ಖಾಲಿ ಹೊಟ್ಟೇಲಿ ಬಂದ್ರೆ ಬಾಗ್ಲಲ್ಲೇ ವಾಪಸ್.”

ಹುಡುಗರಿಗೆ ಸಂಗತಿ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಾನು ಚೀಲ ಎತ್ತಿದ ಕೂಡಲೇ ಒಬ್ಬ ಕೂಗುವನು. “ಮಗಾ, ವಧು ಬಂದ್ಲು, ದಾರಿ ಬಿಡೋ!” ಇನ್ನೊಬ್ಬ ಮೂಗಿನಲ್ಲೇ ಓಲಗ ಊದುವನು. ಮೂರನೆಯವನು, “ಅಂಕಲ್, ತಲೆಬಾಗಿಲು ಹುಷಾರು” ಎನ್ನುವನು. ನಾನು ಮುಖ ಬಿಗಿಹಿಡಿದು ಕಿಟಕಿ ತಲುಪುವೆನು.

ಇಳಿವಯಸ್ಸಿನಲ್ಲಿ ಕಸರತ್ತು ಶುರು ಮಾಡಿದವರಿಗೆ ಉತ್ಸಾಹ ಉಳಿಯುವುದು ಹೇಗೆ ಎಂದು ಆಮೇಲೆ ಹಲವರು ನನ್ನನ್ನು ಕೇಳಿದ್ದಾರೆ. ನನ್ನಲ್ಲಿ ಉತ್ಸಾಹ ಎಂಬುದು ಯಾವ ದಿನವೂ ಇರಲಿಲ್ಲ. ಮಂಡಿ ನೋಯುತ್ತಿತ್ತು. ಬೆಳಗಿನ ಚಳಿಗೆ ಹೊದಿಕೆ ಬಿಡಲು ಮನಸ್ಸಾಗುತ್ತಿರಲಿಲ್ಲ. ನಾಳೆಯಿಂದ ಸರಿಯಾಗಿ ಹೋಗೋಣ ಎಂದು ಮಗ್ಗುಲು ತಿರುಗಿದರೆ, ಮುಚ್ಚಿದ ಕಣ್ಣೊಳಗೆ ಓಲಗ ನಿಂತುಹೋಗುತ್ತಿತ್ತು. ಎದ್ದು ಹೋಗುತ್ತಿದ್ದೆ. ಹೆದರಿಕೆಯಷ್ಟು ನಿಯತ್ತಿನ ಅಲಾರಂ ನಾನು ಕಂಡಿಲ್ಲ.

ಮದುವೆಗೆ ಇನ್ನು ಕೆಲವೇ ವಾರವಿದ್ದಾಗ ಚೀಲ ನನಗೆ ಒಗ್ಗಿತ್ತು. ಕಿಟಕಿ ಮುಟ್ಟಿ ಮತ್ತೆ ಕನ್ನಡಿಗೆ ಬರುವಷ್ಟು ಧೈರ್ಯ ಬಂದಿತ್ತು. ಆಗ ಪುರೋಹಿತರು ಮನೆಗೆ ಬಂದು ಮುಹೂರ್ತದ ಕ್ರಮ ವಿವರಿಸಿದರು.

“ಮುಹೂರ್ತ ಹನ್ನೊಂದು ಗಂಟೆ ಮೇಲೆ. ಧಾರೆ ಎರೆಯೋ ದಂಪತಿ ನೀವೇ ಆದ್ರಿಂದ ಅಲ್ಲೀವರ್ಗೂ ಉಪವಾಸ. ಕಾಫಿ ಸಹ ಇಲ್ಲ.”

ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟೆ. ಇಷ್ಟು ತಿಂಗಳು ಬಾಳೆಹಣ್ಣಿನ ಬಲದ ಮೇಲೆ ಚೀಲ ಹೊತ್ತವನಿಗೆ, ಹೊರುವ ದಿನ ಹೊಟ್ಟೆ ಖಾಲಿಯಿರುತ್ತದೆ ಎಂಬುದು ಹೊಳೆದೇ ಇರಲಿಲ್ಲ. ಎಷ್ಟು ಮದುವೆಗಳಲ್ಲಿ ಧಾರೆಯವರು ಹಸಿದು ಕೂತದ್ದನ್ನು ನೋಡಿರಲಿಲ್ಲ ನಾನು!

“ಇವ್ರು ಹಸಿವು ತಡ್ಕೊಳಲ್ಲ ಸ್ವಾಮಿ. ಅದೂ ಹುಡುಗೀನ ಎತ್ಬೇಕು” ಎಂದಳು ಹೆಂಡತಿ. “ನಾನೂ ಉಪವಾಸಾನೇ, ಆದ್ರೆ ನಾನ್ಯಾರನ್ನೂ ಎತ್ಬೇಕಾಗಿಲ್ಲ.”

“ಶಾಸ್ತ್ರದಲ್ಲಿ ವಿನಾಯ್ತಿ ಇದೆಯಮ್ಮಾ. ವೃದ್ಧರು, ರೋಗಿಗಳು, ಅಶಕ್ತರು, ಇವರೆಲ್ಲ ಹಾಲು ಹಣ್ಣು ತಗೋಬಹುದು.” ಪುರೋಹಿತರು ನನ್ನತ್ತ ತಿರುಗಿದರು. “ನಿಮ್ಮನ್ನ ಅಶಕ್ತರ ಜೊತೆ ಸೇರಿಸ್ಬಿಡ್ಲಾ?”

“ಬೇಡ” ಎಂದೆ. ಯಾವ ಪಟ್ಟಿಯಿಂದ ಹೊರಬರಲು ಮರಳು ಹೊತ್ತಿದ್ದೆನೋ ಅದಕ್ಕೇ ಸೇರಿ ಹಾಲು ಕುಡಿಯುವುದೇ?

ಮುಂದಿನ ಏಕಾದಶಿಯಂದು ಆಫೀಸಿಗೆ ರಜೆ ಹಾಕಿ, ಏನೂ ತಿನ್ನದೆ, ಸರಿಯಾಗಿ ಮುಹೂರ್ತದ ಹೊತ್ತಿಗೆ ಜಿಮ್ಮಿಗೆ ಹೋದೆ. ಹುಡುಗರು ಇರಲಿಲ್ಲ. ಚೀಲವೇನೋ ಎತ್ತಿದೆ. ಅರ್ಧ ದಾರಿಯಲ್ಲಿ ಕಿಟಕಿ ಎರಡಾಗಿ ಕಂಡಿತು. ತೋಳು ಸಡಿಲಿತು. ಚೀಲ ಬಿದ್ದು ಬಾಯಿ ಬಿರಿಯಿತು, ನಾನು ಮರಳಿನ ನಡುವೆ ಕೂತೆ.

ಮಾಸ್ಟರು ಓಡಿಬಂದು ನೀರು ಕೊಟ್ಟರು. ಮರಳನ್ನು ನೋಡಿ, “ವಧು ಒಡೆದ್ಹೋದ್ಲಲ್ಲ ಸಾರ್” ಎಂದರು. ನನ್ನ ಮುಖ ನೋಡಿ ದನಿ ತಗ್ಗಿಸಿದರು. “ಏನಾದ್ರೂ ತಿಂದಿದ್ರಾ?”

“ಏಕಾದಶಿ.”

“ಮದುವೆ ದಿನಾನೂ ಏಕಾದಶೀನಾ?”

“ಹೆಚ್ಚುಕಮ್ಮಿ.”

ಅವರು ಮತ್ತೆ ತಮಾಷೆ ಮಾಡಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಮನೆಗೆ ಬಂದು ಹೆಂಡತಿಗೆ ಮಾತ್ರ ಹೇಳಿದೆ. ಅಕ್ಕನಿಗೆ ಹೇಳಿದ್ದರೆ ನಡೆಸಿಕೊಂಡೇ ಬಾ ಎನ್ನುತ್ತಿದ್ದಳು, ಹುಡುಗಿಯೂ ಸರಿ ಎಂದುಬಿಡುತ್ತಿದ್ದಳು. ಅವಳು ಸರಿ ಎನ್ನುವುದನ್ನು ಕೇಳಲು ನನಗೆ ಮನಸ್ಸಿರಲಿಲ್ಲ. ಮರುದಿನ ಹಣ್ಣು ತಿಂದು, ಹೊಸ ಚೀಲ ಹೊರಲು ಹೋದೆ.

ಮದುವೆ ಬಸವನಗುಡಿಯ ಒಂದು ಛತ್ರದಲ್ಲಿ. ಬೆಳಗಿನಿಂದ ಹೋಮದ ಹೊಗೆ, ಉಪ್ಪಿಟ್ಟಿನ ವಾಸನೆ. ಕಂಡವರೆಲ್ಲ “ತಿಂಡಿ ಆಯ್ತಾ?” ಎಂದು ಕೇಳುತ್ತಿದ್ದರು. ಹುಡುಗಿಯ ಕೋಣೆಯಿಂದ ಮಂಟಪಕ್ಕೆ ಎಷ್ಟು ದೂರ ಎಂದು ನೋಡುತ್ತಲೇ ಇದ್ದೆ, ನೋಡಿದಾಗಲೆಲ್ಲ ಅದು ಹೆಚ್ಚಾಗಿರುತ್ತಿತ್ತು. ನಡುವೆ ಕುರ್ಚಿಗಳ ಸಾಲು, ಕೊನೆಯಲ್ಲಿ ಮೆಟ್ಟಿಲು. ಮೊದಲ ಸಾಲಿನಲ್ಲಿ ಹುಡುಗನ ಸೋದರತ್ತೆ.

“ಹುಡುಗೀನ ಕರ್ಕೊಂಡ್ಬನ್ನಿ!” ಎಂದು ಮಂಟಪದಿಂದ ಕೂಗಿದರು.

ಕೋಣೆಯೊಳಗೆ ಹೋದರೆ ಬಾಸಿಂಗ ಕಟ್ಟಿಕೊಂಡ ಹುಡುಗಿ ಒಂದು ಕೈಯಲ್ಲಿ ಹಾಲಿನ ಲೋಟ, ಇನ್ನೊಂದರಲ್ಲಿ ಬಾಳೆಹಣ್ಣು ಹಿಡಿದು ನಿಂತಿದ್ದಳು. ಹಿಂದೆ ನನ್ನ ಹೆಂಡತಿ ಗೋಡೆ ನೋಡುತ್ತಿದ್ದಳು.

“ಕುಡೀರಿ ಮಾಮ.”

“ಅದು ಅಶಕ್ತರಿಗೆ ಕಣಮ್ಮಾ.”

“ಮರಳಿನ ಕಥೆ ಅತ್ತೆ ಹೇಳಿದ್ರು. ನಿಮ್ಮ ಪೌರುಷ ಆಮೇಲೆ ತೋರ್ಸೋರಂತೆ. ಎತ್ತೋರು ನೀವು, ಬೀಳೋಳು ನಾನು.”

ಲೋಟ ತೆಗೆದುಕೊಂಡೆ. ಕುಡಿದೆ. ಹಣ್ಣು ನುಂಗುತ್ತಿರುವಾಗ ಪುರೋಹಿತರು ಬಾಗಿಲಲ್ಲಿ ಇಣುಕಿ, ಲೋಟ ನೋಡಿ, ಗಡಿಯಾರ ನೋಡಿ, “ಅಶಕ್ತರ ಜೊತೆ ಸೇರಿಸ್ತೀನಿ ಬಿಡಿ, ಬೇಗ ಬನ್ನಿ” ಎಂದು ಹೋದರು.

ಎತ್ತಿದೆ. ಚೀಲಕ್ಕಿಂತ ಹುಡುಗಿ ಭಾರವಿದ್ದಳು. ಚೀಲ ಉಸಿರಾಡುತ್ತಿರಲಿಲ್ಲ, ನಗುತ್ತಿರಲಿಲ್ಲ, ಅದರ ಜಡೆಯ ಮೊಗ್ಗು ಮೂಗಿಗೆ ತಾಗುತ್ತಿರಲಿಲ್ಲ. ಓಲಗ ಜೋರಾಯಿತು. ಕುರ್ಚಿಗಳ ನಡುವೆ ನಾನು ಮುಖಗಳನ್ನು ನೋಡಲಿಲ್ಲ, ಎದುರಿಗಿರುವುದು ಜಿಮ್ಮಿನ ಕಿಟಕಿ ಎಂದುಕೊಂಡು ನಡೆದೆ. “ಮಾಮ, ನಡುಗ್ತಿದೀರಿ” ಎಂದು ಕಿವಿಯಲ್ಲಿ ಪಿಸುಗುಟ್ಟಿದಳು. “ಸುಮ್ನಿರು” ಎಂದೆ. ಮೆಟ್ಟಿಲ ಹತ್ತಿರ ಎಡಮಂಡಿ ಒಮ್ಮೆ ಬಾಗಿತು. ಅವಳ ಕೈ ನನ್ನ ಕುತ್ತಿಗೆಯನ್ನು ಬಿಗಿಯಾಗಿ ಹಿಡಿಯಿತು. ಮಂಡಿ ನೆಟ್ಟಗಾಯಿತು.

ಎಲ್ಲೂ ಇಳಿಸದೆ ಅವಳನ್ನು ಮಂಟಪ ಮುಟ್ಟಿಸಿದೆ. ಧಾರೆ ಮುಹೂರ್ತದೊಳಗೆ ಆಯಿತು. ಜಿಮ್ಮಿಗೆ ಆಮೇಲೆ ನಾನು ಹೋಗಲಿಲ್ಲ.